ಕೃತ್ತಿಕೆಯ ನೀಲಿ ಮಬ್ಬು

ಡಿಸೆಂಬರಿನ ರಾತ್ರಿ, ಸಕಲೇಶಪುರದ ಆಚೆ ಒಂದು ಕಾಫಿ ಕಣ. ಗೆಳೆಯ ಟೆಲಿಸ್ಕೋಪನ್ನು ಕೃತ್ತಿಕೆಯತ್ತ ತಿರುಗಿಸಿದ್ದಾನೆ. ಗುರಿ, ಮೆರೋಪೆ ನಕ್ಷತ್ರವನ್ನು ಸುತ್ತಿರುವ ಧೂಳಿನ ಮೋಡ. 1859ರಲ್ಲಿ ವೆನಿಸ್ಸಿನಿಂದ ಇದನ್ನು ಕಂಡ ವಿಲ್ಹೆಲ್ಮ್ ಟೆಂಪೆಲ್‌ಗೆ ಕನ್ನಡಿಯ ಮೇಲೆ ಉಸಿರು ಬಿಟ್ಟ ಹಾಗೆ ತೋರಿತಂತೆ. ಮೋಡಕ್ಕೆ ಸ್ವಂತ ಬೆಳಕಿಲ್ಲ, ನಕ್ಷತ್ರದ್ದನ್ನೇ ಚದುರಿಸುತ್ತದೆ ಎಂದು 1912ರಲ್ಲಿ ವೆಸ್ಟೊ ಸ್ಲೈಫರ್ ರೋಹಿತದಿಂದ ತೋರಿಸಿಕೊಟ್ಟರು. ಹಾಗಾಗಿ ಊರಬೆಳಕು ಸೋಸುವ ಫಿಲ್ಟರು ಇಲ್ಲಿ ಅಷ್ಟಾಗಿ ನಡೆಯದು. ಅಪ್ಪಟ ಕತ್ತಲೆಯೇ ಬೇಕು.

ನಾನು ಮನಸೋತದ್ದು ಅವನ ಕೈಗೆ. ನಮ್ಮಲ್ಲಿ ಧ್ರುವ ನಕ್ಷತ್ರ ಸುಮಾರು 13 ಡಿಗ್ರಿಯಷ್ಟೇ ಮೇಲಿರುತ್ತದೆ. ಸಿಲ್ವರ್ ಓಕ್ ಮರಗಳ ಸಂದಿಯಲ್ಲಿ ಅದನ್ನು ಹಿಡಿದು ಟೆಲಿಸ್ಕೋಪಿನ ಅಕ್ಷ ಹೊಂದಿಸಲು ಮುಕ್ಕಾಲು ಗಂಟೆ. ಫೋಕಸ್ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತಾನೆ, ಉಸಿರು ಬಿಗಿಹಿಡಿದು ನೋಡುತ್ತಾನೆ, ಮತ್ತೆ ಅರ್ಧ ಎಳೆ ಹಿಂದಕ್ಕೆ. ಇಬ್ಬನಿ ಕೂರದಂತೆ ಲೆನ್ಸಿನ ಸುತ್ತ ಬಿಸಿಪಟ್ಟಿ. ಕ್ಯಾಮೆರಾದ ಮೂರು ನಿಮಿಷದ ಒಂದು ಫ್ರೇಮಿನಲ್ಲಿ ಮಸುಕು ಕಲೆ, ಅದರ ಮೇಲೆಲ್ಲ ಮರಳು ಚೆಲ್ಲಿದಂಥ ನಾಯ್ಸ್. ಅಂಥ 64 ಫ್ರೇಮುಗಳನ್ನು ಒಂದರ ಮೇಲೊಂದು ಪೇರಿಸಿದಾಗ ಆ ಮರಳು ಎಂಟನೇ ಒಂದು ಪಾಲಿಗೆ ಇಳಿದು, ಬಾಚಿದ ಕೂದಲಿನಂಥ ನೀಲಿ ಎಳೆಗಳು ಎದ್ದು ಬಂದವು. ಇಲ್ಲಿ ಬಣ್ಣ ಏರಿಸಿಬಿಡುವ ಆಸೆ ಯಾರಿಗೂ ಆದೀತು. ಅವನು ಏರಿಸಲಿಲ್ಲ.

ಆ ನೀಲಿ ಅಲ್ಲಿಂದ ಹೊರಟು ಸುಮಾರು 440 ವರ್ಷವಾಗಿದೆ.