ಲಂಕೆ ಯಾರಪ್ಪನದು?

‘ಕೋಡ್ ಗಿಯಾಸ್’ (2006) ಎಂಬ ಜಪಾನಿ ಅನಿಮೆಯಲ್ಲಿ ಬ್ರಿಟಾನಿಯಾ ಸಾಮ್ರಾಜ್ಯವಿದೆ. ಅಲ್ಲಿ ಅಮೆರಿಕದ ದಂಗೆ ಸೋತಿದೆ. ಮಿಕ್ಕ ಚರಿತ್ರೆಯನ್ನು ಅಭಿಮಾನಿಗಳು ಸಂಭಾಷಣೆಯ ಚೂರುಪಾರು ಹೆಕ್ಕಿ ಜೋಡಿಸುತ್ತಾರೆ. ಉಡುಪಿ, ಕಾರ್ಕಳದವರಿಗೆ ಈ ಚಟವೇನು ಹೊಸದೇ? ನಮ್ಮ ತಾಳಮದ್ದಳೆಯ ಕಸುಬೇ ಅದು.

ವೇಷವಿಲ್ಲ, ಕುಣಿತವಿಲ್ಲ. ಭಾಗವತರು ನಾಲ್ಕು ಸಾಲಿನ ಪದ ಹೇಳಿ ನಿಲ್ಲಿಸುತ್ತಾರೆ. ಹೆಗಲಿಗೆ ಶಾಲು ಹಾಕಿ ಕೂತ ಅರ್ಥಧಾರಿ ಅದರ ಮೇಲೆ ಅರ್ಧ ಗಂಟೆ ಮಾತಿನ ಕೋಟೆ ಕಟ್ಟುತ್ತಾರೆ. ‘ಅಂಗದ ಸಂಧಾನ’ದಲ್ಲಿ, ಪರರ ಸೊತ್ತಿಗೆ ಕೈಹಾಕಿದವನೆಂದು ಅಂಗದ ಕೆಣಕಿದನೆನ್ನಿ. ಪಳಗಿದ ರಾವಣ ಉತ್ತರಕಾಂಡವನ್ನೇ ಬಿಚ್ಚಬಲ್ಲ: ವಿಶ್ವಕರ್ಮ ಲಂಕೆ ಕಟ್ಟಿದ್ದು ಮಾಲ್ಯವಂತ, ಸುಮಾಲಿ, ಮಾಲಿಯರಿಗೆ, ವಿಷ್ಣುವಿಗೆ ಸೋತು ಅವರು ಪಾತಾಳಕ್ಕಿಳಿದ ಮೇಲೆ ಖಾಲಿಬಿದ್ದ ಊರಿಗೆ ಕುಬೇರ ಬಂದ, ಸುಮಾಲಿ ನನ್ನ ತಾಯಿಯ ತಂದೆ, ನಾನು ಪಡೆದದ್ದು ಅಜ್ಜನ ಆಸ್ತಿ! ಅಳಿಯಸಂತಾನದ ಸೀಮೆಯಲ್ಲಿ ತಾಯಿ ಕಡೆಯ ಹಕ್ಕಿನ ವಾದ ಸಲೀಸಾಗಿ ಇಳಿಯುತ್ತದೆ, ಬಿಡಿ.

ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿ, ರಾವಣರಿಗೆ ಜನ ಕಿವಿಗೊಟ್ಟದ್ದು ಇಂಥ ತರ್ಕಕ್ಕಾಗಿಯೇ. ಅನಿಮೆ ಅಭಿಮಾನಿಗೆ ಯೋಚಿಸಲು ಪುರುಸೊತ್ತಿದೆ. ಇಲ್ಲಿ ಎಲ್ಲವೂ ಆಶು. ಎದುರು ಕೂತ ಅಂಗದನಿಗೂ ಪುರಾಣ ಬಾಯಿಪಾಠ. “ಕುಬೇರ ನಿನ್ನ ಅಣ್ಣನಲ್ಲವೇ?” ಎಂದು ಅವನು ಕೇಳಿದನೋ, ರಾವಣ ಮತ್ತೆ ಬುಡದಿಂದ ಕಟ್ಟಬೇಕು.