ನಾಲ್ಕು ಜೋಡಿ, ಐದು ಹೆಸರು

ಹತ್ತೊಂಬತ್ತನೆಯ ಶತಮಾನದ ಯುರೋಪಿನ ನೃತ್ಯಕೂಟಗಳಿಗೆ ಹೋಗುತ್ತಿದ್ದವರಿಗೆ ಈ ಆರು ಸಾಲು ಬಾಯಿಪಾಠ. ಮೊದಲನೆಯದು ನೃತ್ಯದ ಹೆಸರು, ಉಳಿದವು ಅದರ ಭಾಗಗಳು.

‘ಕ್ವಾಡ್ರಿಲ್’
ಈ ಪದ ನೃತ್ಯಶಾಲೆಗೆ ಬಂದದ್ದು ಕುದುರೆಯೇರಿ. ಸ್ಪ್ಯಾನಿಷ್, ಇಟಾಲಿಯನ್ ಭಾಷೆಗಳಲ್ಲಿ ಇದರ ಮೂಲರೂಪಕ್ಕೆ ಸವಾರರ ತುಕಡಿ ಎಂದರ್ಥ. ಧಾತುವಿನಲ್ಲಿ ನಾಲ್ಕು, ಚೌಕ ಎಂಬ ಭಾವವಿದೆ. 1662ರಲ್ಲಿ ಹದಿನಾಲ್ಕನೇ ಲೂಯಿ ಪ್ಯಾರಿಸ್ಸಿನ ತ್ವಿಲರಿ ಅರಮನೆಯ ಮುಂದೆ ನಡೆಸಿದ ಅಶ್ವೋತ್ಸವದಲ್ಲಿ ಇಂಥ ಐದು ಕ್ವಾಡ್ರಿಲ್‌ಗಳಿದ್ದವು: ರೋಮನ್, ಪರ್ಷಿಯನ್, ತುರ್ಕಿ, ಭಾರತೀಯ, ಅಮೆರಿಕನ್ ವೇಷದ ಸವಾರರು. ರೋಮನ್ನರ ಮುಂದಾಳು ಸ್ವತಃ ದೊರೆ. ಮುಂದೆ ಪದವು ರಂಗದ ನರ್ತಕರ ಗುಂಪಿಗೆ, ಅಲ್ಲಿಂದ ಚೌಕದ ನಾಲ್ಕು ಬದಿಯಲ್ಲಿ ನಾಲ್ಕು ಜೋಡಿ ಎದುರುಬದುರು ನಿಂತು ಕುಣಿಯುವ ನೃತ್ಯಕ್ಕೆ ಸಂದಿತು. ಲೇಡಿ ಜರ್ಸಿ ಅದನ್ನು ಲಂಡನ್ನಿನ ಆಲ್ಮ್ಯಾಕ್ಸ್ ಸಭಾಂಗಣಕ್ಕೆ ತಂದದ್ದು ಸುಮಾರು 1815ರಲ್ಲಿ. ನಾಲ್ಕೆಂಬುದು ಜೋಡಿಗಳ ಲೆಕ್ಕ, ಭಾಗಗಳದ್ದಲ್ಲ.

‘ಪಾಂತಲೋಂ’
ಷರಾಯಿ. ಈ ಭಾಗಕ್ಕೆ ಮೊದಲು ನುಡಿಸುತ್ತಿದ್ದ ಹಾಡಿನಲ್ಲಿ ಆ ಮಾತಿತ್ತಂತೆ.

‘ಲೇತೆ’
ಬೇಸಿಗೆ. ಋತುವಿನ ಅಭಿನಯವೇನೂ ಇಲ್ಲಿಲ್ಲ. ಹಳೆಯದೊಂದು ಜನಪ್ರಿಯ ಕುಣಿತದ ಹೆಸರೇ ಉಳಿದುಕೊಂಡಿದೆ.

‘ಲಾ ಪೂಲ್’
ಹೇಂಟೆ. ಸಂಗೀತದಲ್ಲಿ ಕೋಳಿ ಕೂಗಿದ ಹಾಗೆ ಕೇಳುತ್ತಿದ್ದುದರಿಂದ ಈ ಹೆಸರು ಎನ್ನುತ್ತಾರೆ. ಬಲಗೈ ಕೊಟ್ಟು ದಾಟಿ, ಎಡಗೈ ಹಿಡಿದು ಮರಳಿ, ನಾಲ್ವರು ಒಂದೇ ಸಾಲಾಗುತ್ತಾರೆ.

‘ಲಾ ಪಾಸ್ತುರೆಲ್’
ಕುರಿ ಕಾಯುವ ಹುಡುಗಿ. ನಿಧಾನಿಸಿ ನೋಡಬೇಕಾದ ಸಾಲು ಇದು. ಗಂಡು ತನ್ನ ಜೊತೆಗಾತಿಯನ್ನು ಮುಂದೆ ಕರೆದೊಯ್ದು, ಎದುರಿನವನ ಬಳಿ ಬಿಟ್ಟು, ಒಂಟಿಯಾಗಿ ಹಿಂದೆ ಸರಿಯುತ್ತಾನೆ. ಎದುರಿನವನು ಇಬ್ಬರು ಹೆಂಗಸರ ನಡುವೆ ಕೈಹಿಡಿದು ಮುನ್ನಡೆಯುತ್ತಾನೆ. ಆಮೇಲೆ ಒಂಟಿಯಾದವನ ಸರದಿ. ಚೌಕದ ಕಣ್ಣೆಲ್ಲ ಅವನೊಬ್ಬನ ಹೆಜ್ಜೆಯ ಮೇಲೆ. ಐದರಲ್ಲಿ ಕಥೆಯಿರುವುದು ಇದೊಂದರಲ್ಲೇ ಎಂದು ನನಗೆ ತೋರುತ್ತದೆ. ಕೆಲವು ಕಡೆ ಇದರ ಜಾಗದಲ್ಲಿ ‘ತ್ರೆನಿಸ್’ ಬರುತ್ತದೆ. ಅದು ಪ್ಯಾರಿಸ್ಸಿನ ಒಬ್ಬ ನರ್ತಕನ ಹೆಸರು.

‘ಫಿನಾಲ್’
ಮುಕ್ತಾಯ. ಯುರೋಪಿನಲ್ಲಿ ಕ್ವಾಡ್ರಿಲ್ ಹಿಂದೆ ಸರಿದರೂ ಕೆರಿಬಿಯನ್ ದ್ವೀಪಗಳಲ್ಲಿ ಉಳಿಯಿತು. ತೋಟದೊಡೆಯರ ಈ ಕುಣಿತವನ್ನು ಗುಲಾಮರು ನೋಡಿ ಕಲಿತರು, ತಮ್ಮ ಲಯ ಬೆರೆಸಿ ತಮ್ಮದಾಗಿಸಿಕೊಂಡರು. ಸೇಂಟ್ ಲೂಸಿಯಾದಲ್ಲಿ ಅದೀಗ ‘ಕ್ವಾದ್ರಿಲ್’. ಪಿಟೀಲು, ಬ್ಯಾಂಜೊಗಳ ಜೊತೆಗೆ ಗಿಲಕಿಯಂಥ ಶಾಕ್-ಶಾಕ್ ನುಡಿಯುತ್ತದೆ. ಷರಾಯಿ, ಹೇಂಟೆಗಳ ಹೆಸರು ಅಲ್ಲಿಲ್ಲ. ಭಾಗಗಳನ್ನು ಮೊದಲನೆಯದು, ಎರಡನೆಯದು ಎಂದೇ ಎಣಿಸುತ್ತಾರೆ.