ಅಗಸಿಯ ಅಳತೆ

ಚಳಿಗಾಲದಲ್ಲಿ ಟೈರಿನ ಗಾಳಿ ಏಕೆ ಇಳಿಯುವುದೆಂಬ ವಿಷಯವನ್ನು ಈ ವಾರ ವಿಸ್ತರಿಸುವೆನೆಂದು ಕಳೆದ ವಾರ ವಾಗ್ದಾನ ಮಾಡಿದ್ದೆನಾದರೂ, ಆ ವಾಗ್ದಾನಕ್ಕೂ ಈ ಬರಹಕ್ಕೂ ನಡುವೆ ಎಳ್ಳಮಾವಾಸ್ಯೆಯೊಂದು ಬಂದು, ಅದರ ಬೆನ್ನಿಗೆ ನನ್ನ ಬೀಗರ ಹೊಸ ವಿದ್ಯುತ್ ವಾಹನವೂ ಬಂದುದರಿಂದ, ಗಾಳಿಯನ್ನು ಇನ್ನೊಂದು ವಾರ ಟೈರಿನೊಳಗೇ ಇರಗೊಡುವುದು ಅನಿವಾರ್ಯವಾಯಿತು. ಸಂಪಾದಕರು ಕ್ಷಮಿಸುವರೆಂದು ನಂಬಿದ್ದೇನೆ. ಅವರು ನನ್ನಿಂದ ಕೇಳುವುದು ಮಂಗಳವಾರ ಸಾಯಂಕಾಲದೊಳಗೆ ಒಂದು ಬರಹವನ್ನೇ ಹೊರತು ಇಂಥದೇ ಬರಹವನ್ನಲ್ಲ.

ಬೀಗರು ಕಲಬುರಗಿಯ ನಿವಾಸಿಗಳು. ವರ್ಷಕ್ಕೊಮ್ಮೆ ಚರಗ ಚೆಲ್ಲುವುದಕ್ಕೆಂದು ಆಳಂದ ತಾಲೂಕಿನಲ್ಲಿ, ಮಾದನ ಹಿಪ್ಪರಗಾದ ಕಡೆಗಿರುವ ನಮ್ಮ ಊರಿಗೆ ಸಪತ್ನೀಕರಾಗಿ ಬರತಕ್ಕವರು. ಈ ಸಲದ ವಾಹನದ ಡಿಕ್ಕಿಯಲ್ಲಿ ಕಡಬು, ಬಜ್ಜಿ, ಸಜ್ಜಿ ರೊಟ್ಟಿಗಳ ಎರಡು ಬುಟ್ಟಿಗಳು ಆ ವೈಶಾಲ್ಯವನ್ನು ಹೇಗೆ ತುಂಬಬೇಕೆಂದು ತಿಳಿಯದೆ ಅತ್ತಿಂದಿತ್ತ ಜಾರಾಡುತ್ತಿದ್ದವು. ಅಗಸಿಯವರೆಗಿನ ಪಯಣ ನಿಶ್ಶಬ್ದವಾಗಿಯೂ ಗಂಭೀರವಾಗಿಯೂ ನೆರವೇರಿತು. ಅಗಸಿಯನ್ನೂ ಆ ವಾಹನ ತನ್ನ ಕನ್ನಡಿಗಳನ್ನು ಬೆದರಿದ ಕುದುರೆಯ ಕಿವಿಗಳಂತೆ ಹಿಂದಕ್ಕೆ ಮಡಚಿಕೊಂಡು ಹೇಗೋ ನುಸುಳಿತು. ಆದರೆ ಓಣಿ ಎಡಕ್ಕೆ ಹೊರಳುವಲ್ಲಿ, ಒಂದು ಮಗ್ಗುಲಿಗೆ ಮನೆಯ ಕಟ್ಟೆ, ಮತ್ತೊಂದು ಮಗ್ಗುಲಿಗೆ ಫರಸಿ ಕಲ್ಲು ಹೊದಿಸಿದ ಗಟಾರ, ಎದುರಿಗೆ ಹನ್ನೊಂದು ಜನರನ್ನು ಕೂಡಿಸಿಕೊಂಡು ಹೊಲಕ್ಕೆ ಹೊರಟ ಬಂಡಿ. ವಾಹನದ ಸೆನ್ಸರುಗಳೆಲ್ಲವೂ ಅಷ್ಟದಿಕ್ಕುಗಳಿಂದ ಏಕಕಾಲದಲ್ಲಿ ಆರ್ತನಾದಗೈದವು. ಬಂಡಿ ಹೊಡೆಯುವಾತ ಬಾರಕೋಲನ್ನು ಬಗಲಿಗಿಟ್ಟುಕೊಂಡು, ಕಿಂಚಿತ್ತೂ ಅವಸರವಿಲ್ಲದೆ, “ಸಾಹುಕಾರ್ರ, ನೀವೇ ಹಿಂದ ತಗೋರಿ. ಎತ್ತಿಗಿ ರಿವರ್ಸ್ ಗೇರು ಇರಂಗಿಲ್ರಿ” ಎಂದನು. ಬೀಗರು ಹಿಂದಕ್ಕೆ ತೆಗೆದುಕೊಂಡರು. ವಾಹನವನ್ನು ಅಗಸಿಯ ಹೊರಗೆ, ಹಿಟ್ಟಿನ ಗಿರಣಿಯ ಮುಂದೆ ನಿಲ್ಲಿಸಿ, ಬುಟ್ಟಿಗಳೊಡನೆ ಅದೇ ಬಂಡಿಯನ್ನು ಹತ್ತಿ ಹೊಲಕ್ಕೆ ಬಂದರು. ಸಾಯಂಕಾಲ ಗಿರಣಿಯ ಕಟ್ಟೆಯ ಮೇಲೆ ಕುಳಿತಾಗ ಅವರೇ ಕೇಳಿದರು: “ಬೀಗರ, ಖರೆ ಹೇಳ್ರಿ, ದಿನಾ ಓಡಾಡಲಿಕ್ಕೆ ಇದು ನಮ್ಗ ಭಾಳ ದೊಡ್ಡದಾಯ್ತೇನ್ರಿ?”

ಬೀಗರಿಗೆ ಬಾಯಿಮಾತಿನಲ್ಲಿ ಹೇಳಲಾಗದ ಉತ್ತರಗಳನ್ನು ಅಂಕಣದಲ್ಲಿ ಬರೆಯುವುದು ನನ್ನ ಹಳೆಯ ದುರಭ್ಯಾಸ. ನಾನು ಚಿಕ್ಕ ಕಾರಿನ ಪಂಥದವನೆಂಬುದನ್ನೂ, ‘ರೋಡ್ ಪ್ರೆಸೆನ್ಸ್’ ಎಂಬ ಮಂತ್ರವನ್ನು ಜಪಿಸುವವರೊಡನೆ ನನಗೆ ಬಹುಕಾಲದ ವ್ಯಾಜ್ಯವಿರುವುದನ್ನೂ ನಿತ್ಯದ ಓದುಗರು ಬಲ್ಲರು. ರಸ್ತೆಯ ಮೇಲೆ ವಾಹನಕ್ಕೊಂದು ಸಾನ್ನಿಧ್ಯವಿರಬೇಕಂತೆ! ಸಾನ್ನಿಧ್ಯವೆಂಬುದು ಗಾಣಗಾಪುರದ ನಿರ್ಗುಣ ಪಾದುಕೆಗಳಿಗೆ ಸಲ್ಲತಕ್ಕ ಮಾತು. ಎರಡು ಟನ್ನಿನ ಲೋಹಕ್ಕೂ ಗಾಜಿಗೂ ಅದನ್ನು ಸಲ್ಲಿಸುವವರ ರಸಿಕತೆಯ ವಿಷಯದಲ್ಲಿ ನನ್ನ ಸಂಶಯ ಇಂದಿಗೂ ನಿವೃತ್ತವಾಗಿಲ್ಲ.

ಆದರೂ ಪಂಥಾಭಿಮಾನವನ್ನು ಬದಿಗಿಟ್ಟು ಅಳತೆಗಳನ್ನೇ ನೋಡೋಣ. 2001ರಲ್ಲಿ ಬೆಂಗಳೂರಿನ ರೇವಾ ಎಂಬ ವಿದ್ಯುತ್ ಕಾರು ಮಾರಾಟಕ್ಕೆ ಬಂದಾಗ ಅದರ ಉದ್ದ 2.64 ಮೀಟರ್, ಅಗಲ 1.32 ಮೀಟರ್, ಸೀಸ ಮತ್ತು ಆಮ್ಲದ ಬ್ಯಾಟರಿಗಳ ಬಲದಿಂದ ಅದು ಒಮ್ಮೆಗೆ ಸುಮಾರು 80 ಕಿಲೋಮೀಟರ್ ಓಡಬಲ್ಲುದೆಂದು ತಯಾರಕರು ಹೇಳಿಕೊಂಡಿದ್ದರು. ಲಂಡನ್ನಿನಲ್ಲಿ ಜಿ-ವಿಜ್ ಎಂಬ ನಾಮಾಂತರದಿಂದ ಓಡಾಡಿದ ಆ ಕನ್ನಡದ ಕೂಸನ್ನು ನಮ್ಮವರು ಆಟಿಕೆಯೆಂದು ನಕ್ಕರು. 2010ರಲ್ಲಿ ಮಹೀಂದ್ರ ಕಂಪನಿಯವರು ರೇವಾ ಸಂಸ್ಥೆಯ ಬಹುಪಾಲನ್ನು ಕೊಂಡುಕೊಂಡರು. ಅದೇ ಮಹೀಂದ್ರದವರು 2024ರ ನವೆಂಬರಿನಲ್ಲಿ ಅನಾವರಣಗೊಳಿಸಿದ, ಈಗ ನಮ್ಮ ಬೀಗರ ಮನೆ ಸೇರಿರುವ ಎಕ್ಸ್‌ಇವಿ 9ಇ ಎಂಬುದರ ಉದ್ದ 4.789 ಮೀಟರ್, ಅಗಲ 1.907 ಮೀಟರ್, ದೊಡ್ಡ ಬ್ಯಾಟರಿಯ ಶಕ್ತಿ 79 ಯೂನಿಟ್, ಪರೀಕ್ಷಾವಿಧಿಯ ಪ್ರಕಾರ ಓಟ 656 ಕಿಲೋಮೀಟರ್. ಒಂದೇ ವಂಶವೃಕ್ಷದಲ್ಲಿ ಅಜ್ಜನ ಎದೆಯಳತೆಯ ಒಂದೂವರೆ ಪಾಲು ಮೊಮ್ಮಗನಿಗೆ ಬೆಳೆದಿರುವುದನ್ನು ಆರೋಗ್ಯವೆನ್ನಬೇಕೋ ಮೇದೋವೃದ್ಧಿಯೆನ್ನಬೇಕೋ ವೈದ್ಯರು ಹೇಳಬೇಕು. ಕಲಬುರಗಿಯಿಂದ ಆಳಂದಕ್ಕಾಗಲಿ ಜೇವರ್ಗಿಗಾಗಲಿ ಹೋಗುವ ದಾರಿ ನಲವತ್ತು ಕಿಲೋಮೀಟರಿನ ಆಸುಪಾಸಿನದು. ರೇವಾದವನು ಹೋಗಿ ಬರುವಷ್ಟರಲ್ಲಿ ದೇವರನ್ನು ನೆನೆಯಬೇಕಾಗಿತ್ತು, ಹೊಸದರವನು ವಾರವಿಡೀ ಹೋಗಿಬಂದರೂ ದೇವರ ನೆನಪಾಗುವ ಸಂಭವ ಕಡಿಮೆ. ಇದು ಹೊಸದರ ಗುಣವೆಂಬುದನ್ನು ಒಪ್ಪದಿರಲಾರೆ.

ಈ ಬೆಳವಣಿಗೆಗೆ ಬ್ಯಾಟರಿಯೊಂದೇ ಕಾರಣವಲ್ಲ. ತೆರಿಗೆಯ ಗೆರೆಯೂ ಕಾರಣ. 2006ರ ಬಜೆಟ್ಟಿನಲ್ಲಿ, ನಾಲ್ಕು ಮೀಟರಿನೊಳಗಿನ, ಚಿಕ್ಕ ಎಂಜಿನ್ನಿನ ಕಾರಿಗೆ ಸುಂಕ ಕಡಿಮೆಯೆಂದು ಸರ್ಕಾರ ವಿಧಿಸಿದ ಲಾಗಾಯ್ತು, ತಯಾರಕರು ಹಿಂಬದಿಯ ಡಿಕ್ಕಿಗಳನ್ನು ದರ್ಜಿಯು ಬಟ್ಟೆಯನ್ನು ಕತ್ತರಿಸುವಂತೆ ಕತ್ತರಿಸಿ, 3.99 ಮೀಟರಿಗೆ ತಂದು ನಿಲ್ಲಿಸುತ್ತ ಬಂದರು. ಆ ಕುರೂಪಗಳನ್ನು ಈ ಅಂಕಣ ಹಿಂದೆ ಯಥೇಷ್ಟವಾಗಿ ಗೇಲಿ ಮಾಡಿದೆ, ಈಗ ಪಶ್ಚಾತ್ತಾಪವಾಗುತ್ತಿದೆ. ಏಕೆಂದರೆ 2019ರ ಆಗಸ್ಟಿನಿಂದ ವಿದ್ಯುತ್ ವಾಹನಕ್ಕೆ ಜಿಎಸ್‌ಟಿ ಶೇಕಡ 5 ಮಾತ್ರ, ಅದೂ ಉದ್ದವೆಷ್ಟೇ ಇರಲಿ. ಪೆಟ್ರೋಲು ಡೀಸೆಲುಗಳ ದೊಡ್ಡ ವಾಹನಕ್ಕಾದರೋ 2025ರ ಸೆಪ್ಟೆಂಬರಿನಿಂದ ಶೇಕಡ 40. ಗೆರೆಯನ್ನು ಅಳಿಸಿದ ಮೇಲೆ ಗೆರೆಯೊಳಗೆ ನಿಲ್ಲುವವರಾರು?

ಉದ್ದವನ್ನು ಮಾತ್ರ ನಾನು ದೂಷಿಸಲಾರೆ. ಎಕ್ಸ್‌ಇವಿ 9ಇ ಹತ್ತು ಮೀಟರ್ ವ್ಯಾಸದ ವೃತ್ತದಲ್ಲಿ ತಿರುಗಬಲ್ಲುದೆಂದು ತಯಾರಕರು ಹೇಳುತ್ತಾರೆ. ಅಷ್ಟು ಉದ್ದದ ಶರೀರಕ್ಕೆ ಇದು ಮೆಚ್ಚತಕ್ಕ ಲಾಘವ. ಇನ್ನು ಹುಣ್ಣಿಮೆಯ ದಿನ ಚೌಡಾಪುರದ ಕ್ರಾಸಿನಲ್ಲಿ ಗಾಣಗಾಪುರದ ಯಾತ್ರಿಕರನ್ನು ತುಂಬಿಕೊಳ್ಳುವ ಕ್ರೂಸರುಗಳನ್ನು ನೋಡಿರಿ: ಐದು ಮೀಟರಿಗೂ ಮಿಗಿಲಾದ ಉದ್ದ, ಒಳಗೆ ನಿಯಮದ ಪ್ರಕಾರ ಹನ್ನೆರಡೋ ಹದಿಮೂರೋ, ನಿಯಮಾತೀತವಾಗಿ ಎಷ್ಟೋ ಜನ. ಅಫಜಲಪುರದಲ್ಲಾಗಲಿ ಜೇವರ್ಗಿಯಲ್ಲಾಗಲಿ ಕ್ರೂಸರು ದಿನಬಳಕೆಗೆ ಅತಿ ದೊಡ್ಡದೆಂದು ಯಾವ ಪ್ರಾಣಿಯೂ ನುಡಿದುದನ್ನು ನಾನು ಕೇಳಿಲ್ಲ. ದೊಡ್ಡದೆಂಬ ಮಾತು ಹುಟ್ಟುವುದು ಒಳಗಿನ ಬರಿದುತನದಿಂದ: ಇಬ್ಬರು ಕುಳಿತ ವಾಹನ ಹನ್ನೊಂದು ಜನರ ಬಂಡಿಗೆ ದಾರಿ ಕೇಳಿದಾಗ, ಆ ಕೇಳಿಕೆಯಲ್ಲಿಯೇ ಏನೋ ಒಂದು ಅಸಭ್ಯತೆ ಸೇರಿಕೊಳ್ಳುತ್ತದೆ. ಅದೇ ಕಂಪನಿಯವರು 2025ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಏಳು ಆಸನಗಳ ಎಕ್ಸ್‌ಇವಿ 9ಎಸ್ ಎಂಬುದನ್ನು ಬಿಡುಗಡೆ ಮಾಡಿದಾಗ ನನಗೆ ಅಷ್ಟಾಗಿ ಸಿಟ್ಟು ಬರಲಿಲ್ಲ. ಏಳು ಆಸನಗಳಲ್ಲಿ ಏಳು ಜನ ಕೂಡುವುದಾದರೆ ನನ್ನ ತಕರಾರಿಲ್ಲ.

ನನ್ನ ತಕರಾರೆಲ್ಲ ಅಗಲದ ಮೇಲೆ. ಮಾರುತಿ 800ರ ಅಗಲ 1.44 ಮೀಟರ್, ಅಂಬಾಸಡರ್ ಎಂಬ ಗಜರಾಜನದು ಸಹ 1.66ರ ಆಸುಪಾಸು, ನಮ್ಮ ಗೌಡರುಗಳ ಪ್ರೀತಿಯ ಬೊಲೆರೊ ಒಂದೂ ಮುಕ್ಕಾಲಿಗೆ ಮುಟ್ಟಿ ಮುಟ್ಟದಂತಿದೆ. ಹೊಸದು ಕನ್ನಡಿಗಳನ್ನು ಬಿಟ್ಟೇ 1.9, ಕನ್ನಡಿಗಳನ್ನು ಹರಡಿತೆಂದರೆ ಎರಡನ್ನು ಮೀರುತ್ತದೆ. ಕಟ್ಟಿಸಂಗಾವಿಯ ಸೇತುವೆಯನ್ನು ದಾಟಿ ಜೇವರ್ಗಿಗೆ ಹೋಗುವ ಹೆದ್ದಾರಿಯಲ್ಲಿ ಇದರಿಂದ ಯಾರಿಗೂ ಬಾಧೆಯಿಲ್ಲ. ಆ ದಾರಿಯಲ್ಲಿ ಈ ವಾಹನಕ್ಕೆ ಸಮಾನವಾದ ಸುಖ ಬೇರೊಂದಿಲ್ಲವೆಂದು ನಾನೇ ಕುಳಿತು ನೋಡಿ ಹೇಳಬಲ್ಲೆ. ಆದರೆ ಹೆದ್ದಾರಿಯಿಂದ ಊರಿಗೆ ಹೊರಳುವ ಒಂಟಿ ಡಾಂಬರಿನ ರಸ್ತೆಗೆ ಸರ್ಕಾರಿ ಅಳತೆ 3.75 ಮೀಟರ್, ಕೆಲವೆಡೆ ಮೂರೇ. ಕಬ್ಬಿನ ಹಂಗಾಮಿನಲ್ಲಿ ಹವಳಗಾ, ಭೂಸನೂರುಗಳ ಕಾರ್ಖಾನೆಗಳಿಗೆ ಹೊರಟ ಟ್ರ್ಯಾಕ್ಟರು, ಎರಡೆರಡು ಟ್ರಾಲಿಗಳನ್ನು ಕಟ್ಟಿಕೊಂಡು, ಇಕ್ಕೆಲಗಳಿಗೂ ಕಬ್ಬಿನ ಗರಿ ಚಾಚಿಕೊಂಡು ಎದುರಾದಾಗ, ಅಲ್ಲಿ ಉಳಿಯುವ ಲೆಕ್ಕವನ್ನು ಐದನೆಯ ಇಯತ್ತೆಯ ಹುಡುಗನೂ ಮಾಡಬಲ್ಲ. ಒಬ್ಬರು ಕೆಳಗಿಳಿಯಲೇಬೇಕು. ಇಳಿಯುವುದು ಎಲ್ಲಿಗೆ? ಎರೆಮಣ್ಣಿಗೆ. ಬೇಸಗೆಯಲ್ಲಿ ಕಾಲು ಹುಗಿಯುವಷ್ಟು ಬಿರಿದು, ಮಳೆಗಾಲದಲ್ಲಿ ಉಬ್ಬಿ, ಚಕ್ರಕ್ಕೆ ಸುತ್ತಿಕೊಂಡರೆ ಬಿಡಿಸಲು ಸನಿಕೆ ಬೇಕಾಗುವ ಆ ಮಣ್ಣು ತೊಗರಿಗೂ ಬಿಳಿಜೋಳಕ್ಕೂ ತಾಯಿಯಾಗಿರಬಹುದು. ಎರಡು ಟನ್ನಿನ ಅತಿಥಿಗೆ ಆಕೆ ಮಲತಾಯಿಯೇ ಸರಿ.

ಇಲ್ಲಿಗೆ ಬಂದಾಗ ನನಗೆ ನನ್ನ ಪ್ರಿಯಗ್ರಂಥದ ನೆನಪಾಗದಿರದು. ರುದ್ರಪಟ್ಟಣದ ಶಾಮಶಾಸ್ತ್ರಿಗಳು ಮೈಸೂರಿನ ಓರಿಯಂಟಲ್ ಲೈಬ್ರರಿಯ ತಾಳೆಗರಿಗಳಲ್ಲಿ ಕಂಡು, 1909ರಲ್ಲಿ ಅಚ್ಚಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರವನ್ನು ರಾಜನೀತಿಗಾಗಿ ಓದುವವರು ಓದಿಕೊಳ್ಳಲಿ. ನಾನು ಓದುವುದು ರಥಾಧ್ಯಕ್ಷನ ಪ್ರಕರಣಕ್ಕಾಗಿ. ಅಲ್ಲಿ ರಥಗಳಿಗೆ ಏಳು ಗಾತ್ರಗಳನ್ನು ಹೇಳಿದೆ: ಅತ್ಯಂತ ದೊಡ್ಡದಕ್ಕೆ ಹನ್ನೆರಡು ಮಾನಗಳ ಅಗಲ, ಅಲ್ಲಿಂದ ಒಂದೊಂದಾಗಿ ಇಳಿದು ಕೊನೆಯದಕ್ಕೆ ಆರು. ಪ್ರಯೋಜನಕ್ಕನುಸಾರವಾಗಿಯೂ ಭೇದಗಳುಂಟು: ದೇವರನ್ನು ಕೂಡಿಸುವುದು, ಮಂಗಳಕಾರ್ಯಗಳಲ್ಲಿ ಮೆರೆಯುವುದು, ಯುದ್ಧಕ್ಕೆ ಹೋಗುವುದು, ಪಯಣಕ್ಕಾಗುವುದು, ಶತ್ರುವಿನ ಪಟ್ಟಣದ ಮೇಲೆ ಏರಿಹೋಗುವುದು, ಕಲಿಯುವವರ ಅಭ್ಯಾಸಕ್ಕೆ ಒದಗುವುದು. ಬೀಗರ ವಾಹನ ಉದ್ದೇಶದಿಂದ ಪಯಣದ್ದು, ವೇಷದಿಂದ ಮಂಗಳಕಾರ್ಯದ್ದು, ನಮ್ಮ ಓಣಿಯಲ್ಲಿ ಅದರ ನಡವಳಿಕೆಯಿಂದ ಹೇಳುವುದಾದರೆ ನಿಸ್ಸಂಶಯವಾಗಿ ಪರಪುರಾಭಿಯಾನಿಕ.

ಅದೇ ಗ್ರಂಥದ ಇನ್ನೊಂದು ಪ್ರಕರಣದಲ್ಲಿ ದಾರಿಗಳ ಅಗಲವನ್ನು ಗೊತ್ತುಪಡಿಸಿದೆ. ರಥಪಥಕ್ಕೆ ಐದು ಅರತ್ನಿ, ದನಗಳ ದಾರಿಗೆ ನಾಲ್ಕು, ಕುರಿಮೇಕೆ ಮನುಷ್ಯರ ದಾರಿಗೆ ಎರಡು. ಅರತ್ನಿಯೆಂದರೆ ಇಪ್ಪತ್ತುನಾಲ್ಕು ಅಂಗುಲ, ಸುಮಾರು ಒಂದೂವರೆ ಅಡಿ. ರಥಪಥ ಏಳೂವರೆ ಅಡಿಯಾಯಿತು, ಎಂದರೆ 2.28 ಮೀಟರ್. ನೋಡಿರಿ, 1.907 ಮೀಟರಿನ ವಾಹನ ಕನ್ನಡಿಗಳ ಸಮೇತ ಅದರಲ್ಲಿ ಅಚ್ಚಿಗೆ ಹೊಯ್ದಂತೆ ಕೂಡುತ್ತದೆ! ತಯಾರಕರ ಕಡತದಲ್ಲಿ ಕೌಟಿಲ್ಯನ ಒಂದು ಪ್ರತಿ ಇದ್ದೀತೇನೋ ಎಂದು ಒಂದು ರಾತ್ರಿ ನಾನು ಹರ್ಷಿಸಿದ್ದುಂಟು. ಆದರೆ ನಾಲ್ಕು ಅರತ್ನಿಯ ದನಗಳ ದಾರಿ ಆರು ಅಡಿ, ಅಂದರೆ 1.83 ಮೀಟರ್, ವಾಹನ ಅದಕ್ಕಿಂತ ಮೂರು ಇಂಚು ಹೆಚ್ಚು. ನಮ್ಮ ಊರುಗಳ ಓಣಿಗಳು ದನಗಳು ಸಂಜೆಗೆ ಮನೆಗೆ ಬರುವ ದಾರಿಗಳೇ ಹೊರತು ರಥಪಥಗಳಲ್ಲವೆಂಬ ಒಂದು ಸಣ್ಣ ಸಂಗತಿಯಲ್ಲಿ ಈ ವಾಹನದ ಸಮಸ್ಯೆಯೆಲ್ಲ ಅಡಗಿದೆ. ಬೀಗರು ತಡವರಿಸಿದ್ದು ಆ ಮೂರು ಇಂಚಿನಲ್ಲಿ. ಹಾಗಾದರೆ ಓಣಿಯನ್ನು ಅಗಲಿಸಿರಿ ಎನ್ನುವ ಪಂಡಿತರಿದ್ದಾರೆ. ಕಟ್ಟೆಯನ್ನು ಒಡೆದ ಮೇಲೆ ಆ ಮನೆಯ ಮುದುಕಿ ಸಂಜೆಗೆ ಎಲ್ಲಿ ಕೂಡಬೇಕು?

ಇತ್ತ ಗಿರಣಿಯ ಕಟ್ಟೆಯ ಮೇಲೆ ಕತ್ತಲಾಗುತ್ತಿತ್ತು. ಬೀಗರು, ಯಾವ ಅವಶ್ಯಕತೆಯೂ ಇಲ್ಲದೆ, ಬ್ಯಾಟರಿ ಮುಕ್ಕಾಲಿಗೂ ಮಿಗಿಲಾಗಿ ಇರುವಾಗಲೇ, ಗಿರಣಿಯವನನ್ನು ಒಪ್ಪಿಸಿ ವೈರು ಸಿಕ್ಕಿಸಿದ್ದರು; ಹೊಸ ವಿದ್ಯುತ್ ವಾಹನದವರಿಗೆ ಪ್ಲಗ್ಗು ಕಂಡರೆ ಆಗುವುದು, ಹಿಂದಿನ ಕಾಲದ ಪ್ರಯಾಣಿಕರಿಗೆ ಬಾವಿ ಕಂಡರೆ ಆಗುತ್ತಿದ್ದಂಥದು. ಗಿರಣಿಯವನು ಹಿಟ್ಟಾದ ಹುಬ್ಬುಗಳನ್ನು ಮೇಲೇರಿಸಿ, “ಕಾಕಾ, ಪೂರ್ತಿ ತುಂಬಲಿಕ್ಕೆ ಎಷ್ಟು ಯೂನಿಟ್ ಬೇಕ್ರಿ?” ಎಂದನು. ಇಂಥವು ಎಪ್ಪತ್ತೊಂಬತ್ತರವರೆಗೂ ಉಂಟೆಂದು ನಾನು ಹೇಳಿದೆ. ಅವನ ಹತ್ತು ಎಚ್‌ಪಿ ಮೋಟರು ಹತ್ತು ತಾಸಿಗೂ ಮಿಗಿಲಾಗಿ ತಿರುಗುವಷ್ಟು. 2023ರ ಆಗಸ್ಟಿನಲ್ಲಿ ಕಲಬುರಗಿಯಲ್ಲಿಯೇ ಉದ್ಘಾಟನೆಗೊಂಡ ಗೃಹಜ್ಯೋತಿಯ ತಿಂಗಳ ಪರಮಾವಧಿ 200 ಯೂನಿಟ್ಟಿನಲ್ಲಿ ಎರಡೂವರೆ ಸಲ ತುಂಬುವಷ್ಟು. ಮೂರು ಕಿಲೋವಾಟಿನ ಈ ಪ್ಲಗ್ಗಿನಿಂದಾದರೆ ಬರಿದಾದುದು ಭರ್ತಿಯಾಗಲು ಇಪ್ಪತ್ತಾರು ತಾಸು. ಅವನು ಬೆರಳು ಮಡಚುತ್ತ ಏನನ್ನೋ ಎಣಿಸಿ, “ಅಂದ್ರ ಒಂದಿನದ ಜ್ವಾಳ ಎಲ್ಲಾ ಇದರ ಹೊಟ್ಟ್ಯಾಗ ಹೋಯ್ತು” ಎಂದು ಒಳಗೆ ಹೋದನು. ಅದೇ ಗಳಿಗೆಯಲ್ಲಿ ಕರೆಂಟು ಹೋಗಿ, ಬೀಸುಗಲ್ಲೂ ವಾಹನದ ದೀಪವೂ ಸಾಮ್ಯವಾದದಿಂದ ಒಟ್ಟಿಗೆ ನಿಂತವು.

ಬೀಗರ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ಹಬ್ಬದ ದಿನ ಬೀಗತನವನ್ನು ಅಪಾಯಕ್ಕೊಡ್ಡುವಷ್ಟು ಸತ್ಯಸಂಧತೆ ನನ್ನಲ್ಲಿಲ್ಲ. ಮರುದಿನ ಬೆಳಿಗ್ಗೆ ಹೊರಡುವ ಮುನ್ನ ಅವರೇ ಮನೆಗೆ ಬಂದು, “ಟೇಪ್ ಅದ ಏನ್ರಿ ಬೀಗರ?” ಎಂದು ಕೇಳಿದರು. ಕೊಟ್ಟೆ. ಅಗಸಿಗೆ ಹೋಗಿ, ಒಂದು ತುದಿಯನ್ನು ಗಿರಣಿಯವನ ಕೈಗಿತ್ತು, ಕಲ್ಲಿನಿಂದ ಕಲ್ಲಿಗೆ ಎರಡು ಸಲ ಅಳೆದರು. ಆಮೇಲೆ ವಾಹನದ ಬಳಿಗೆ ಹೋಗಿ, ಕನ್ನಡಿಯಿಂದ ಕನ್ನಡಿಗೆ ಒಂದು ಸಲ. ಟೇಪನ್ನು ಸಾವಕಾಶವಾಗಿ ಸುತ್ತಿ ನನಗೆ ತಂದುಕೊಟ್ಟು, ಎಷ್ಟಾಯಿತೆಂಬುದನ್ನು ಹೇಳದೆಯೇ ಚಹಾ ಕುಡಿದು ಹೊರಟರು.